ಎಷ್ಟು ಕೊಡ್ತದೆ?

ಮಂಡ್ಯದ ಕಡೆ ಯಾರಾದರೂ ಹೊಸ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರೆ ಜನ ಅದರ ಬೆಲೆ ಕೇಳುವುದಿಲ್ಲ, ಬಣ್ಣ ನೋಡುವುದಿಲ್ಲ. "ಎಷ್ಟು ಕೊಡ್ತದೆ?" ಎಂದು ಕೇಳುತ್ತಾರೆ. ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಬಿಡಿಸಿ ಕೇಳುವಷ್ಟು ಪುರುಸೊತ್ತು ನಮ್ಮವರಿಗಿಲ್ಲ. ಹಸು ತಂದರೂ ಅದೇ ಮಾತು, ಗದ್ದೆ ಗುತ್ತಿಗೆಗೆ ಹಿಡಿದರೂ ಅದೇ ಮಾತು. ಒಂದೇ ಪ್ರಶ್ನೆಯಲ್ಲಿ ಇಡೀ ಜಿಲ್ಲೆಯ ವ್ಯವಹಾರ ನಡೆದುಹೋಗುತ್ತದೆ. ಹಾಗೆ ನಡೆದ ಒಂದು ವ್ಯವಹಾರದಲ್ಲಿ ನನ್ನ ಮರ್ಯಾದೆಯೂ ಹೋಯಿತು. ಅದನ್ನೇ ಹೇಳುತ್ತೇನೆ.

ನಾನು ಶಿವರಾಮು. ಸರ್ಕಾರಿ ಬಸ್ಸಿನ ಸ್ಟೇರಿಂಗನ್ನು ಮೂವತ್ತೊಂದು ವರ್ಷ ತಿರುಗಿಸಿ ರಿಟೈರಾದವನು. ನಮ್ಮ ಡಿಪೋದಲ್ಲಿ ಡ್ರೈವರುಗಳನ್ನು ಅಳೆಯುತ್ತಿದ್ದದ್ದು ನಡತೆಯಿಂದಲ್ಲ, ಡೀಸೆಲ್ಲಿನಿಂದ. ಯಾರ ಬಸ್ಸು ಲೀಟರಿಗೆ ಎಷ್ಟು ಓಡಿತು ಎಂದು ತಿಂಗಳಿಗೊಮ್ಮೆ ಗೋಡೆಗೆ ಪಟ್ಟಿ ಅಂಟಿಸುತ್ತಿದ್ದರು. ಒಂದು ವರ್ಷ ಆ ಪಟ್ಟಿಯಲ್ಲಿ ನಾನೇ ಮೊದಲು. ಒಂದು ಪ್ರಶಂಸಾಪತ್ರ, ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಡಬ್ಬಿಯಲ್ಲಿ ನನ್ನ ಹೆಂಡತಿ ಹುಣಸೆಹಣ್ಣು ಇಟ್ಟಿದ್ದಾಳೆ, ಪ್ರಶಂಸಾಪತ್ರ ಎಲ್ಲಿದೆಯೋ ಗೊತ್ತಿಲ್ಲ. ಅಂತೂ ಇಂಥ ಅನುಭವಸ್ಥ ಎಂದು ನಮ್ಮ ಬಂಧುಬಳಗದಲ್ಲಿ ಗಾಡಿಯಿಂದ ಹಿಡಿದು ಮದುವೆಯವರೆಗೆ ಎಲ್ಲಕ್ಕೂ ನನ್ನ ಸಲಹೆ ಕೇಳುತ್ತಾರೆ. ಕೇಳದಿದ್ದರೂ ನಾನು ಕೊಡುತ್ತೇನೆ.

ಯತೀಶ ನನ್ನ ಅಕ್ಕ ಮಲ್ಲಿಗಮ್ಮನ ಒಬ್ಬನೇ ಮಗ. ಊರು ಕೆರಗೋಡು. ನಾಲೆ ನೀರು ಬರುವ ಮೂರು ಎಕರೆ, ಅದರ ತುಂಬ ಕಬ್ಬು. ವಯಸ್ಸು ಮೂವತ್ಮೂರು. ಹನ್ನೊಂದು ಹೆಣ್ಣು ನೋಡಿದ್ದಾಯಿತು. ಸರಿಯಾಗಿ ಹೇಳಬೇಕೆಂದರೆ, ಹನ್ನೊಂದು ಹೆಣ್ಣಿನ ಮನೆಯವರು ಇವನನ್ನು ನೋಡಿ ಬೇಡ ಅಂದದ್ದಾಯಿತು. ಎಲ್ಲ ಕಡೆ ಒಂದೇ ಕತೆ. ಹುಡುಗ ಏನು ಮಾಡುತ್ತಾನೆ ಎಂದು ಕೇಳುತ್ತಾರೆ, ಬೇಸಾಯ ಎನ್ನುತ್ತೇವೆ, ಒಳಗಿನಿಂದ ಬರಬೇಕಾದ ಕಾಫಿ ಒಳಗೇ ಉಳಿಯುತ್ತದೆ. ಹೆಣ್ಣು ಸಿಗಲಿ ಎಂದು ನಮ್ಮ ಕಡೆಯ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಇವನೂ ಹೊರಟ. ಆದರೆ ಹಳೇ ಬೈಕಿನಲ್ಲಿ ಹೊರಟ. ನಡೆಯುವವರಿಗೆ ನೀರಿನ ಬಾಟಲಿ ಸಾಗಿಸುವ ಸೇವೆಯಂತೆ. ದೇವರು ಪಾದ ಎಣಿಸುತ್ತಾನೋ ಕಿಲೋಮೀಟರ್ ಎಣಿಸುತ್ತಾನೋ ತಿಳಿಯದು, ಹೋಗಿಬಂದ ಎಂಟೇ ದಿನಕ್ಕೆ ಹನ್ನೊಂದನೆಯವರು ಬೇಡ ಅಂದರು.

ಆಗ ನಾನು ತಲೆ ಓಡಿಸಿದೆ. "ಲೋ ಯತೀಶ, ಇನ್ಮೇಲೆ ಗದ್ದೆ ಗೊಬ್ಬರ ಅಂತ ಬಾಯೇ ಬುಡಬ್ಯಾಡ ಕಣ್ಲಾ. ಕೆಸರು ಮೆತ್ಕಂಡಿರೋನ್ನ ಈ ಕಾಲದಲ್ಲಿ ಯಾವೋಳು ಒಪ್ತಾಳೆ? ಒಳ್ಳೆ ಗಾಡಿ ತಗೋ, ಒಳ್ಳೆ ಬಟ್ಟೆ ಆಕೋ. ಏನ್ಮಾಡ್ತೀಯ ಅಂದ್ರೆ ಬಿಸ್‌ನೆಸ್ ಅನ್ನು. ಮಿಕ್ಕಿದ್ದು ನಾನ್ ನೋಡ್ಕತೀನಿ" ಅಂದೆ.

ಅಕ್ಕ ಅಡುಗೆಮನೆಯಿಂದಲೇ ತಲೆ ಹೊರಹಾಕಿ, "ಅದ್ಯಾಕ್ಲಾ ಸಿವರಾಮ, ಅವ್ನು ಬೆಳ್ಯೋದೇನು ಕಳ್ ಮಾಲಾ ಬಚ್ಚಿಡಾಕೆ?" ಎಂದಳು. ಹೆಂಗಸರಿಗೆ ಕಾಲ ಬದಲಾದದ್ದು ತಿಳಿಯುವುದಿಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಆ ವರ್ಷದ ಕಬ್ಬಿನ ದುಡ್ಡು ಕೈಗೆ ಬಂದದ್ದೇ ತಡ, ಯತೀಶ ಎರಡೂವರೆ ಲಕ್ಷದ ಬೈಕು ತಂದ. ಹಿಮಾಲಯ ಹತ್ತುವ ಗಾಡಿಯಂತೆ. ಕೆರಗೋಡಿನಿಂದ ಮಂಡ್ಯಕ್ಕೆ ಹೋಗುವ ದಾರಿಯಲ್ಲಿ ಹಿಮಾಲಯ ಇಲ್ಲ, ಹಂಪುಗಳಿವೆ. ಗಾಡಿ ಬಂದದ್ದು ಬರೀ ಆರಂಭ. ಆಮೇಲೆ ಮಂಡ್ಯದ ಅಂಗಡಿಯೊಂದರಲ್ಲಿ ಅದಕ್ಕೆ ಒಡವೆ ಮಾಡಿಸಲು ಶುರು ಮಾಡಿದ. ಬಿದ್ದರೆ ಕಾಲು ಉಳಿಯಲಿ ಎಂದು ಕಬ್ಬಿಣದ ಕ್ರ್ಯಾಶ್ ಗಾರ್ಡು, ಆರು ಸಾವಿರ. ಮಂಜಿನಲ್ಲಿ ದಾರಿ ಕಾಣಲಿ ಎಂದು ಎರಡು ಲೈಟು, ಒಂಬತ್ತು ಸಾವಿರ. ಮಂಜು ನಮ್ಮಲ್ಲಿ ವರ್ಷಕ್ಕೆ ಹತ್ತು ದಿನ ಬಿದ್ದರೆ ಹೆಚ್ಚು, ಆ ಹತ್ತು ದಿನವೂ ಅವನು ಗದ್ದೆಗೆ ನಡೆದುಕೊಂಡೇ ಹೋಗುತ್ತಾನೆ. ಹಿಂದೆ ಎರಡು ಪಕ್ಕಕ್ಕೂ ಅಲ್ಯೂಮಿನಿಯಂ ಪೆಟ್ಟಿಗೆ, ಇಪ್ಪತ್ತೆರಡು ಸಾವಿರ. ಒಳಗೆ ಏನಿದೆ ಎಂದು ತೆಗೆದು ನೋಡಿದೆ, ಆ ಪೆಟ್ಟಿಗೆಯನ್ನೇ ಒರೆಸುವ ಬಟ್ಟೆ ಇತ್ತು. ಗಾಳಿ ತಡೆಯುವ ಗಾಜು, ಫೋನು ಸಿಕ್ಕಿಸುವ ಹಿಡಿ, ಬಾಣಂತಿಯರು ಬೆಚ್ಚಿ ಬೀಳುವ ಸೈಲೆನ್ಸರು, ಮೊಣಕೈಗೂ ಬೆನ್ನಿಗೂ ಹಲಗೆ ಇಟ್ಟು ಹೊಲಿದ ಜಾಕೆಟ್ಟು. ಎಲ್ಲ ಸೇರಿ ಎಪ್ಪತ್ತೆಂಟು ಸಾವಿರ. ಇಷ್ಟು ಖರ್ಚು ಮಾಡಿದವನು ಹಿಂದೆ ಕೂರುವವನಿಗೆ ಒಂದು ಹೆಲ್ಮೆಟ್ ತಂದಿರಲಿಲ್ಲ. ಅದು ನನಗೆ ಗೊತ್ತಾದದ್ದು ಹನ್ನೆರಡನೆಯ ಹೆಣ್ಣಿನ ಮನೆಗೆ ಹೊರಟ ದಿನ.

ಇದು ಮಳವಳ್ಳಿಯಲ್ಲಿರುವ ನಮ್ಮ ದೂರದ ನೆಂಟಳು ಪಟ್ಟಲಮ್ಮ ತಂದ ಸಂಬಂಧ. ಹುಡುಗಿ ದೀಪಿಕ, ಬಿಕಾಂ ಓದಿದ್ದಾಳೆ. ಅಪ್ಪ ತಿಮ್ಮಯ್ಯ, ಮಳವಳ್ಳಿಯಿಂದ ಮೂರು ಮೈಲಿ ಒಳಗಿನ ಹಳ್ಳಿಯವರು, ಇವಳೊಬ್ಬಳೇ ಮಗಳು. "ಮೊದ್ಲು ಇಬ್ರೇ ಬಂದು ಮಾತಾಡ್ಲಿ, ವ್ಯಾನ್ ತುಂಬ್ಕಂಡು ಬರಾದು ಬ್ಯಾಡ" ಎಂದು ಹೇಳಿಕಳಿಸಿದ್ದರು. ಹೊರಡುವ ಮೊದಲು ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು.

"ಇದೂ ಕೈ ಬುಟ್ಟೋದ್ರೆ ಇನ್ಯಾವ್ ಎಣ್ಣೂ ನೋಡಾಕೆ ಬರಕಿಲ್ಲ ಅಂದವ್ನೆ ಕಣ್ಲಾ. ಇಡೀ ರಾತ್ರಿ ನಿದ್ದೆ ಮಾಡಿಲ್ಲ. ಇದೊಂದ್ ನಡೆಸ್ಕೊಡ್ಲಾ ಸಿವರಾಮ" ಎಂದಳು. ಅಕ್ಕ ನನ್ನ ಮುಂದೆ ಕೈ ಮುಗಿದದ್ದು ಅದೇ ಮೊದಲು. ನಡೆಸಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಜನವರಿಯ ಬೆಳಿಗ್ಗೆ. ನನ್ನ ತಲೆಗೆ ಪಕ್ಕದ ಮನೆಯಿಂದ ಕೇಳಿ ತಂದ, ಚೊಂಬಿನ ಗಾತ್ರದ ಹೆಲ್ಮೆಟ್ಟು. ಹಿಂದಿನ ಸೀಟಿಗೆ ಹತ್ತಬೇಕೆಂದರೆ ಆ ಇಪ್ಪತ್ತೆರಡು ಸಾವಿರದ ಪೆಟ್ಟಿಗೆ ದಾಟಿ ಕಾಲು ಹಾಕಬೇಕು. ಮೂರನೆಯ ಸಲಕ್ಕೆ ಹತ್ತಿದೆ.

ಯತೀಶ ಗಾಡಿ ಓಡಿಸುವ ವಿದ್ಯೆಯನ್ನು ಫೋನಿನಲ್ಲಿ ನೋಡಿ ಕಲಿತವನು. ಕ್ಲಚ್ಚನ್ನು ಎರಡೇ ಬೆರಳಲ್ಲಿ ಹಿಡಿಯಬೇಕಂತೆ, ತಿರುವಿನಲ್ಲಿ ಗಾಡಿಯ ಜೊತೆ ಮೈಯನ್ನೂ ವಾಲಿಸಬೇಕಂತೆ, ಕಣ್ಣು ರಸ್ತೆಯ ಮೇಲಲ್ಲ, ತಿರುವು ಮುಗಿಯುವ ಕಡೆ ಇರಬೇಕಂತೆ. "ಮಾವ, ನಾನ್ ಎತ್ಲಾಗ್ ವಾಲ್ತೀನೋ ಅತ್ಲಾಗೇ ವಾಲಿ. ನೀವು ಎದುರ್ ಕಡೆ ವಾಲ್ತಾವ್ರಿ" ಎಂದು ನನ್ನನ್ನೇ ಗದರಿಸಿದ. ಮೂವತ್ತೊಂದು ವರ್ಷ ಅರವತ್ತು ಜನರನ್ನು ಕೂರಿಸಿಕೊಂಡು ತಿರುವು ತಿರುಗಿಸಿದ್ದೇನೆ, ಒಬ್ಬ ಪ್ಯಾಸೆಂಜರಿಗೂ ವಾಲಿ ಎಂದು ಹೇಳಿದವನಲ್ಲ.

ಎಕ್ಸ್‌ಪ್ರೆಸ್ ಹೆದ್ದಾರಿಗೆ ಬೈಕು ಬಿಡುವುದಿಲ್ಲ. ಆದ್ದರಿಂದ ಹಿಮಾಲಯದ ಗಾಡಿ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹೊರಟಿತು. ಒಂದು ಟ್ರೈಲರಿನ ಹಿಂದೆ, ಜೋತುಬಿದ್ದ ಕಬ್ಬು ಮುಖಕ್ಕೆ ತಾಗುವಷ್ಟು ಹತ್ತಿರ ಹೋದ. "ಅಂತರ ಬುಡ್ಲಾ! ಬ್ರೇಕ್ ಲೈಟ್ ಇಲ್ಲ ಅದುಕ್ಕೆ!" ಎಂದು ಕೂಗಿದೆ.

"ಮಾವ, ಈ ಕಬ್ಬು ಕಡ್ದು ನಾಕ್ ದಿನ ಆಗೈತೆ. ಗರಿ ನೋಡಿ, ಒಣಗೋಗೈತೆ. ಪಾಪ, ಏನಿಲ್ಲ ಅಂದ್ರೂ ಟನ್ನಿಗೆ ಐವತ್ತು ಕೆಜಿ ತೂಕ ಕಳ್ಕಂಡದೆ" ಎಂದ. ಅವನ ದನಿಯಲ್ಲಿ ನಿಜವಾದ ಸಂಕಟ ಇತ್ತು. ಆ ದಾರಿಯಲ್ಲಿ ಅವನು ಆಡಿದ ಒಂದೇ ಒಂದು ಬುದ್ಧಿವಂತ ಮಾತು ಅದು. ನಾನು ಹಿಂದಿನಿಂದ ಅವನ ಹೆಲ್ಮೆಟ್ಟಿಗೆ ಒಂದು ಕುಟ್ಟಿದೆ.

"ಅಲ್ಲಿ ಓಗಿ ಇಂಥ ಮಾತ್ ಆಡ್ಬ್ಯಾಡ ಅಂತಾನೇ ಬಡ್ಕಂಡಿದ್ದು. ಗದ್ದೆ ಇಸ್ಯ ಮುಚ್ಚು" ಅಂದೆ. ಅವನು ಮುಚ್ಚಿದ.

ಮದ್ದೂರಿನ ಬಂಕಿನಲ್ಲಿ ನಿಲ್ಲಿಸಿ, "ಪವರ್ ಆಕಿ, ಸಾದಾ ಬ್ಯಾಡ" ಅಂದ. ಲೀಟರಿಗೆ ಹತ್ತು ರೂಪಾಯಿ ಹೆಚ್ಚು. ಯಾಕೆ ಎಂದು ಕೇಳಿದೆ. "ಸಾದಾದಲ್ಲಿ ಕಬ್ಬಿನ ಸ್ಪಿರಿಟ್ ಬೆರೆಸ್ತಾರೆ ಮಾವ, ನೂರಕ್ಕೆ ಇಪ್ಪತ್ತು. ಒಳಗೆಲ್ಲ ತುಕ್ಕಿಡೀತದೆ, ಮೈಲೇಜ್ ಬೀಳ್ತದೆ ಅಂತ ಫೋನಲ್ಲಿ ಎಲ್ರೂ ಏಳ್ತಾವ್ರೆ."

"ಇದ್ರಾಗೂ ಐತೆ ಸಾ" ಎಂದ ಬಂಕಿನವನು, ಪೈಪು ಹಿಡಿದುಕೊಂಡೇ.

"ಇದ್ರೂ ಇದ್ರಲ್ಲಿ ಬೇರೆ ತರ ಇರ್ತದೆ, ನೀವ್ ಆಕಿ."

"ಅಲ್ಲ ಕಣ್ಲಾ, ಕಬ್ಬು ಬೆಳ್ದು ಫ್ಯಾಕ್ಟ್ರಿಗೆ ಸಾಗ್ಸೋನು ನೀನೇ. ಅದ್ರ ರಸ ನಿನ್ ಗಾಡಿಗೇ ಆಗಕಿಲ್ವಾ?" ಎಂದೆ ನಾನು.

"ಬಿಸ್‌ನೆಸ್ ಬೇರೆ, ಗಾಡಿ ಬೇರೆ ಮಾವ" ಎಂದ. ಬಿಸ್‌ನೆಸ್ ಎಂಬ ಪದ ಅವನ ಬಾಯಲ್ಲಿ ಸಲೀಸಾಗಿ ಬಂದದ್ದು ಕೇಳಿ ನನಗೆ ಹೆಮ್ಮೆಯಾಯಿತು.

ಮದ್ದೂರು ದಾಟಿ ಮಳವಳ್ಳಿ ರಸ್ತೆಗೆ ಬಿದ್ದೆವು. ಮೊದಲ ಇಳಿಜಾರು ಬಂದದ್ದೇ ಇಂಜಿನ್ ಆಫ್ ಮಾಡಿ, ನ್ಯೂಟ್ರಲ್ಲಿಗೆ ಹಾಕಿ ಗಾಡಿಯನ್ನು ಜಾರಿಬಿಟ್ಟ. ಹೆಚ್ಚಿಗೆ ಹತ್ತು ರೂಪಾಯಿ ಕೊಟ್ಟು ಹಾಕಿಸಿದ ಪೆಟ್ರೋಲನ್ನು ಉಳಿಸುವ ಉಪಾಯ. ಇಳಿಜಾರಿನಲ್ಲಿ ಗೇರು ತೆಗೆದರೆ ಗಾಡಿ ನಮ್ಮ ಮಾತು ಕೇಳುವುದಿಲ್ಲ, ಬ್ರೇಕಿನ ಮೇಲೇ ಎಲ್ಲ ಭಾರ ಬೀಳುತ್ತದೆ, ಅದನ್ನು ಮೊದಲ ವಾರವೇ ಡಿಪೋದಲ್ಲಿ ಬೈದು ಕಲಿಸುತ್ತಾರೆ. ಹೇಳಿದೆ. ಗಾಳಿಯ ಸದ್ದಿನಲ್ಲಿ ಅವನು, "ಇಂಗ್ ಮಾಡುದ್ರೇನೇ ಮಾವ ಮೂವತ್ತು ಕೊಡಾದು!" ಎಂದು ಕೂಗಿದ. ಮಾದಪ್ಪನನ್ನು ನೆನೆದುಕೊಂಡು ಕಣ್ಣು ಮುಚ್ಚಿದೆ.

ತಿಮ್ಮಯ್ಯನವರದು ಹೆಂಚಿನ ಮನೆ, ಮುಂದೆ ಜಗಲಿ, ಜಗಲಿಗೆ ಎದುರಾಗಿ ಅಂಗಳ. ಅಂಗಳದಲ್ಲಿ ಅವರ ಹಳೆಯ ಬೈಕು ನಿಂತಿತ್ತು. ಅದರ ಪಕ್ಕದಲ್ಲಿ ಯತೀಶ ತನ್ನ ಗಾಡಿ ನಿಲ್ಲಿಸಿದ, ಬಡವರ ಮದುವೆಗೆ ಬಂದ ಶ್ರೀಮಂತ ಬೀಗಿತ್ತಿಯ ಹಾಗೆ ಅದು ವಾರೆಯಾಗಿ ನಿಂತಿತು. ಗಾಡಿಯಾಚೆ ಒಂದು ದಾರಿ, ದಾರಿಯಾಚೆ ತಿಮ್ಮಯ್ಯನವರ ಕಬ್ಬು. ಇದನ್ನೇಕೆ ಹೇಳುತ್ತಿದ್ದೇನೆ ಎಂದರೆ, ಜಗಲಿಯಲ್ಲಿ ಕೂತವನು ಎದುರಿಗೆ ನೋಡಿದರೆ ಗಾಡಿಯನ್ನು ನೋಡುತ್ತಿದ್ದಾನೋ ಕಬ್ಬನ್ನು ನೋಡುತ್ತಿದ್ದಾನೋ ಹೇಳಲಾಗುವುದಿಲ್ಲ.

ನೀರು ಕೊಟ್ಟರು, ಊರು ಕೇರಿ ವಿಚಾರಿಸಿದರು. ತಿಮ್ಮಯ್ಯನವರು ಮಾತು ಕಡಿಮೆಯ ಮನುಷ್ಯ. ಒಂದಷ್ಟು ಹೊತ್ತು ಎದುರಿಗೆ ನೋಡಿ, ಗಲ್ಲ ಅತ್ತ ಎತ್ತಿ ತೋರಿಸಿ, "ಎಷ್ಟು ಕೊಡ್ತದಪ್ಪ ನಿಂದು?" ಎಂದು ಕೇಳಿದರು.

"ಮೂವತ್ತು ಕೊಡ್ತದೆ ಅಂಕಲ್" ಎಂದ ಯತೀಶ. ಗದ್ದೆಯವನ ಹಾಗೆ ಮಾತಾಡಬಾರದು ಎಂದು ಅಂಕಲ್ ಎನ್ನುವುದನ್ನೂ ನಾನೇ ಕಲಿಸಿದ್ದೆ.

"ಮೂವತ್ತೇನಾ? ನಮ್ದು ಐವತ್ತುಕ್ಕೆ ಕಮ್ಮಿ ಇಲ್ಲ."

ಯತೀಶ ಅವರ ಹಳೆಯ ಬೈಕಿನ ಕಡೆ ನೋಡಿ ನಕ್ಕ. "ನಿಮ್ದು ಅಳೇ ಕಾಲದ್ದು ಅಂಕಲ್, ಕೊಟ್ಟೇ ಕೊಡ್ತದೆ. ಇಂಥದ್ದು ಮೂವತ್ತು ಕೊಟ್ರೆ ಜಾಸ್ತೀನೇ."

"ಏನಾಕ್ತೀಯ?"

"ಒಳ್ಳೇದೇ ಆಕ್ತೀನಿ. ಸಾದಾ ಮುಟ್ಟಕಿಲ್ಲ. ಹತ್ತು ರೂಪಾಯಿ ಜಾಸ್ತಿ ಓಗ್ಲಿ ಅಂತ."

"ಕಬ್ಬಿಂದೇ ಆಕ್ಬೋದಲ್ಲ?"

"ಅಯ್ಯೋ, ಕಬ್ಬಿಂದು ಮಾತ್ರ ಬ್ಯಾಡ ಅಂಕಲ್. ಒಳಗೆಲ್ಲ ಆಳ್ ಮಾಡ್ಬುಡ್ತದೆ. ಒಳಗ್ ನಿಲ್ದಂಗೆ ಸುಟ್ಟೋಗಾದೇ ವಾಸಿ."

"ಸುಟ್ಟೇ ಬುಡ್ತೀಯಾ?" ತಿಮ್ಮಯ್ಯನವರ ಹುಬ್ಬು ಮೇಲೇರಿತು. ಅಷ್ಟು ದುಬಾರಿ ಗಾಡಿಯ ವಿಷಯಕ್ಕೆ ಬೆರಗಾಗಿದ್ದಾರೆ ಎಂದುಕೊಂಡೆ. "ಇಳಿಜಾರಲ್ಲಿ ಎಂಗ್ ಮಾಡ್ತೀಯ?"

"ಆಫ್ ಮಾಡ್ಬುಡ್ತೀನಿ."

"ಆಫ್ ಮಾಡ್ಬುಟ್ರೆ ತುದಿಗಂಟ ಓಯ್ತದಾ?"

"ತಾನಾಗೇ ಓಯ್ತದೆ ಅಂಕಲ್."

ಈ ಒಂದು ಮಾತಿಗೆ ನನಗೆ ತಡೆಯಲಾಗಲಿಲ್ಲ. "ಅದ್ ಮಾತ್ರ ತಪ್ಪು ಅಂತ ನಾನೂ ಏಳಿವ್ನಿ ತಿಮ್ಮಯ್ಯನೋರೆ, ಕೇಳಕಿಲ್ಲ" ಅಂದೆ. ಅವರು ನನ್ನ ಕಡೆ ತಿರುಗಿ, ಇವರಿಬ್ಬರಲ್ಲಿ ಒಬ್ಬನಿಗಾದರೂ ಬುದ್ಧಿ ಇದೆ ಎನ್ನುವ ಹಾಗೆ ತಲೆ ಆಡಿಸಿದರು. ನಾನು ಉಬ್ಬಿದೆ.

"ಖರ್ಚೆಷ್ಟು ಬೀಳ್ತದೆ?"

"ಮೇಲ್ ಖರ್ಚೇ ಎಪ್ಪತ್ತೆಂಟು ಸಾವ್ರ ಅಂಕಲ್."

"ಒಂದಕ್ಕಾ?"

"ಒಂದಕ್ಕೇ!" ಎಂದ ಯತೀಶ, ಎದೆ ಎತ್ತಿ.

ತಿಮ್ಮಯ್ಯನವರು ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು. ಬಂದು ನಿಧಾನವಾಗಿ ಕೂತು, "ಎಪ್ಪತ್ತೆಂಟು ಸಾವ್ರ ಸುರ್ದು ಮೂವತ್ತು. ಇದು ಎಷ್ಟ್ ವರ್ಸ ನಡೀತದಪ್ಪ?" ಅಂದರು.

"ಎರಡ್ ವರ್ಸ ಅಷ್ಟೆ. ಆಮೇಲೆ ಮಾರ್ಬುಡ್ತೀನಿ."

"ಮಾರ್ಬುಡ್ತೀಯಾ?"

"ಇಟ್ಕಂಡ್ ಏನ್ ಮಾಡಾದು ಅಂಕಲ್? ರೇಟ್ ಇದ್ದಾಗ್ಲೇ ಕೈ ತೊಳ್ಕಬೇಕು."

ತಿಮ್ಮಯ್ಯನವರು ಎದ್ದರು. ಹೆಗಲ ಮೇಲಿನ ಟವೆಲ್ಲು ಕೊಡವಿ, ಹಸುವಿಗೆ ನೀರು ಕುಡಿಸಿ ಬರುತ್ತೇನೆ ಎಂದು ಹಿತ್ತಿಲಿಗೆ ಹೋದರು. ಹಸು ಎಷ್ಟು ನೀರು ಕುಡಿಯಿತೋ, ಅರ್ಧ ಗಂಟೆಯಾದರೂ ಬರಲಿಲ್ಲ.

ಆ ನಡುವೆ ಕಾಫಿ ಬಂತು. ಹನ್ನೊಂದು ಮನೆಯಲ್ಲಿ ಬಾರದ ಕಾಫಿ. ತಂದವಳು ದೀಪಿಕಳೇ. ಎತ್ತರದ ಹುಡುಗಿ, ಕೈ ಒರಟು, ಮಾತು ನೇರ. ಲೋಟ ಕೊಟ್ಟು ಬಾಗಿಲಿಗೆ ಒರಗಿ ನಿಂತು ಯತೀಶನನ್ನೇ ಕೇಳಿದಳು, "ನೀವು ಏನ್ ಕೆಲಸ ಮಾಡೋದು?"

ಯತೀಶ ನನ್ನ ಮುಖ ನೋಡಿದ. ನಾನು ರೆಪ್ಪೆ ಬಡಿದೆ.

"ಬಿಸ್‌ನೆಸ್" ಎಂದ.

"ಏನ್ ಬಿಸ್‌ನೆಸ್?"

ಇದಕ್ಕೆ ನಾವು ತಯಾರಿ ಮಾಡಿರಲಿಲ್ಲ. "ಅದೇ, ಲೋಡ್ ಕಳ್ಸೋದು" ಎಂದ ಯತೀಶ. ಅವಳು ಅವನ ಕೈ ನೋಡಿದಳು. ಕಬ್ಬಿನ ಗರಿ ಕೊಯ್ದ ಗೀರುಗಳು ಬೆರಳ ತುಂಬ ಇದ್ದವು, ಅವನು ಲೋಟದ ಹಿಂದೆ ಬೆರಳು ಮಡಿಸಿಕೊಂಡ. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು.

ಹೊರಡುವಾಗ ತಿಮ್ಮಯ್ಯನವರು ಬಂದು, "ಆಯ್ತು, ಏಳ್ ಕಳುಸ್ತೀವಿ" ಅಂದರು. ಈ ಮಾತಿನ ಅರ್ಥ ನಮಗೆ ಗೊತ್ತು, ಹನ್ನೊಂದು ಸಲದ ಅಭ್ಯಾಸ. ಬರುವ ದಾರಿಯಲ್ಲಿ ಯತೀಶ ಒಂದು ಪಾಠವನ್ನೂ ಹೇಳಲಿಲ್ಲ. ನಾನು ಯಾವ ಕಡೆ ವಾಲಿದರೂ ಸುಮ್ಮನಿದ್ದ.

ಮಾರನೆಯ ದಿನ ಪಟ್ಟಲಮ್ಮನ ಫೋನು ಬಂತು. ಅಕ್ಕ ಸ್ಪೀಕರಿಗೆ ಹಾಕಿದಳು. "ಏನವ್ವ ಮಲ್ಲಿಗಮ್ಮ, ನಿನ್ ಮಗ ಚೆನ್ನಾಗಿ ಬೇಸಾಯ ಮಾಡ್ತಾನೆ ಅಂತ ಏಳೀನೇ ನಾನ್ ಅವ್ರನ್ನ ಒಪ್ಸಿದ್ದು! ತಿಮ್ಮಣ್ಣನಿಗೆ ನಾಕ್ ಎಕ್ರೆ ನೋಡ್ಕಳೋ ಅಳಿಯ ಬೇಕಾಗಿತ್ತು. ನಿನ್ ಮಗ ನೋಡುದ್ರೆ ಎಕ್ರೆಗೆ ಎಪ್ಪತ್ತೆಂಟು ಸಾವ್ರ ಸುರ್ದು ಮೂವತ್ ಟನ್ ತಗೀತಾನಂತೆ. ಕಬ್ಬಿನ ತರಗೆಲ್ಲ ಗೊಬ್ಬರಕ್ಕೆ ಬುಡ್ದೆ ಸುಟ್ಟಾಕ್ತಾನಂತೆ, ಇಳಿಜಾರಲ್ಲಿ ಮೋಟ್ರು ಆಫ್ ಮಾಡ್ಬುಟ್ಟು ಪೂರಾ ಪಾತಿಗೆ ನೀರ್ ಆಯ್ಸಕಿಲ್ವಂತೆ. ಎಲ್ಡ್ ವರ್ಸಕ್ಕೆ ಭೂಮಿನೇ ಮಾರ್ಬುಡ್ತೀನಿ ಅಂದ್ನಂತಲ್ಲ! ಅಂಥೋನ್ಗೆ ಎಣ್ಣು ಕೊಡಕಿಲ್ಲ ಅಂದ್ರು."

ನನಗೆ ಜಗಲಿಯ ಒಂದೊಂದೇ ಮಾತು ನೆನಪಾಯಿತು. ತಿಮ್ಮಯ್ಯ ಕೇಳಿದ್ದು ಕಬ್ಬಿನ ಮಾತು. ಇವನು ಹೇಳಿದ್ದು ಗಾಡಿಯ ಮಾತು. ಮಧ್ಯೆ ಕೂತ ನಾನು, ಡಿಪೋದ ಗೋಡೆಯ ಪಟ್ಟಿಯಲ್ಲಿ ಮೊದಲು ಬಂದ ಮಹಾನುಭಾವ, ಲೋಕದಲ್ಲಿ "ಕೊಡ್ತದೆ" ಎಂಬ ಮಾತಿಗೆ ಇನ್ನೊಂದು ಅರ್ಥ ಇರಬಹುದು ಎಂದು ಯೋಚಿಸಲೂ ಇಲ್ಲ. ಹಳ್ಳಿಯಲ್ಲಿ ಹುಟ್ಟಿದ್ದು ಸಾರ್ಥಕವಾಯಿತು.

"ನನ್ ಮಗ ಎಕ್ರೆಗೆ ಅರವತ್ತೆರಡು ಟನ್ ತಗೀತಾನೆ ಕಣ್ರೋ!" ಎಂದು ಅಕ್ಕ ಅತ್ತಳು. ಟ್ರಂಕಿನಿಂದ ಕಾರ್ಖಾನೆಯ ತೂಕದ ಚೀಟಿಗಳ ಕಟ್ಟು ತೆಗೆದು ನನ್ನ ಮಡಿಲಿಗೆ ಎಸೆದಳು. ಮೂರು ಎಕರೆಗೆ ನೂರಾ ಎಂಬತ್ತಾರು ಟನ್. ಸುತ್ತ ನಾಲ್ಕು ಹಳ್ಳಿಯಲ್ಲಿ ಯಾರೂ ಅಷ್ಟು ತೆಗೆದಿಲ್ಲ. ಇಂಥ ಮಗನಿಗೆ ನಾನು ಬಾಯಿ ಮುಚ್ಚಿಕೊಳ್ಳಲು ಹೇಳಿಕೊಟ್ಟಿದ್ದೆ.

ಆದರೂ ನನಗೆ ಧೈರ್ಯ ಬಂತು. ತಪ್ಪು ತಿಳಿವಳಿಕೆ ತಾನೆ, ತಿಳಿಸಿ ಹೇಳಿದರೆ ಮುಗಿಯಿತು. ಇಡೀ ಜಿಲ್ಲೆಯಲ್ಲಿ ಬೇಸಾಯಗಾರನೇ ಬೇಕು ಎನ್ನುವ ಮನೆ ಅದೊಂದೇ ಇರಬೇಕು, ಅದೂ ನಮಗೇ ಸಿಕ್ಕಿದೆ. ಮಾರನೆಯ ಬೆಳಿಗ್ಗೆ ಚೀಟಿಗಳನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಯತೀಶ ಬರುವುದಿಲ್ಲ ಎಂದ. "ನೀವೇ ಓಗಿ ಏಳಿ ಮಾವ" ಎಂದು ಬಸ್ಸು ಹೊರಡುವವರೆಗೆ ಕಿಟಕಿಯ ಪಕ್ಕ ನಿಂತಿದ್ದ.

ಜಗಲಿಯಲ್ಲಿ ಚೀಟಿ ಹರವಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಮೂವತ್ತು ಗಾಡಿಯ ಮೈಲೇಜು, ಸುಟ್ಟದ್ದು ಪೆಟ್ರೋಲು, ಆಫ್ ಮಾಡಿದ್ದು ಇಂಜಿನ್ನು, ಎಪ್ಪತ್ತೆಂಟು ಸಾವಿರ ಪೆಟ್ಟಿಗೆ ಲೈಟುಗಳ ಬಾಬ್ತು. ತಿಮ್ಮಯ್ಯನವರು ಮೊದಲು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ನಗಲು ಶುರು ಮಾಡಿದರು. ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು.

"ಅಲ್ರೀ ಸಿವರಾಮಣ್ಣ, ನಾನ್ ಇಡೀ ರಾತ್ರಿ ಯೋಚ್ನೆ ಮಾಡಿವ್ನಿ, ನಾಲೆ ಬಯಲಲ್ಲಿ ಮೂವತ್ ಟನ್ ಎಂಗ್ ಬತ್ತದೆ ಅಂತ! ಅರವತ್ತೆರಡಾ? ಇದುನ್ನ ಅವತ್ತೇ ಒದರ್ಬಾರ್ದಾಗಿತ್ತಾ? ಲೇ ದೀಪಿಕ, ಬಾ ಇಲ್ಲಿ, ಚೀಟಿ ನೋಡು. ನಾವು ತಗಡು ಅನ್ಕಂಡಿದ್ದು ಬಂಗಾರ ಕಣಮ್ಮ!"

ದೀಪಿಕ ಗದ್ದೆಯಿಂದ ಆಗಷ್ಟೇ ಬಂದಿದ್ದಳು. ಕಾಲಿಗೆ ಕೆಸರು. ಅದನ್ನು ತೊಳೆದುಕೊಳ್ಳುವ ಅವಸರವೂ ಇಲ್ಲದೆ ಬಂದು ಚೀಟಿಗಳನ್ನು ಒಂದೊಂದಾಗಿ ನೋಡಿದಳು. ಕಣ್ಣಲ್ಲಿ ಮೆಚ್ಚುಗೆ ಇತ್ತು, ಸುಳ್ಳು ಹೇಳುವುದಿಲ್ಲ. ನಾನು ಮನಸ್ಸಿನಲ್ಲೇ ಛತ್ರ ಹುಡುಕಲು ಶುರು ಮಾಡಿದ್ದೆ.

"ಒಳ್ಗಿಂದ ಎಲ್ಲ ಕೇಳುಸ್ತಿತ್ತು. ಅವತ್ತೇ ಗೊತ್ತಿತ್ತು ನಂಗೆ, ಅವ್ರು ಏಳ್ತಿರೋದು ಗಾಡಿ ಇಸ್ಯ ಅಂತ" ಎಂದಳು.

ತಿಮ್ಮಯ್ಯನವರ ನಗು ನಿಂತಿತು. "ಗೊತ್ತಿದ್ರೆ ಏಳ್ಬಾರ್ದಾಗಿತ್ತೇನಮ್ಮ?"

"ಏನ್ ಏಳೋದಪ್ಪ? ನೀನು ತಪ್ ತಿಳ್ಕಂಡು ಬ್ಯಾಡ ಅಂದೆ. ನಾನು ಸರಿಯಾಗ್ ತಿಳ್ಕಂಡೇ ಬ್ಯಾಡ ಅಂದೆ." ಚೀಟಿಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. "ಅರವತ್ತೆರಡು ಟನ್ ಬೆಳ್ಯೋನು ಬಿಸ್‌ನೆಸ್ ಅಂದ. ಕೈ ಮುಚ್ಕಂಡ. ಅವ್ನು ಮಾಡೋ ಕೆಲ್ಸವೇ ನಾನೂ ಮಾಡಾದು. ಅದು ಅವ್ನಿಗೇ ನಾಚ್ಕೆ ಆದ್ರೆ, ನಾಳೆ ನಾಕ್ ಜನರ ಮುಂದೆ ನನ್ನೂ ಮುಚ್ಚಿಡ್ತಾನೆ."

ಆಗಲಾದರೂ ಸತ್ಯ ಹೇಳಬೇಕು ಅನ್ನಿಸಿತು. "ಅವನ್ದೇನೂ ತಪ್ಪಿಲ್ಲ ಕಣವ್ವ. ಅಂಗ್ ಏಳು ಅಂತ ಏಳ್ಕೊಟ್ಟೋನು ನಾನು. ಬೈಯೋದಿದ್ರೆ ನನ್ ಬಯ್ಯಿ" ಅಂದೆ. ಜೀವಮಾನದಲ್ಲಿ ನಾನು ತಪ್ಪು ಒಪ್ಪಿಕೊಂಡದ್ದು ಕಡಿಮೆ, ಒಪ್ಪಿಕೊಂಡ ಕೂಡಲೇ ಎದುರಿನವರು ಕರಗಿಬಿಡುತ್ತಾರೆ ಎಂದು ನಂಬಿದ್ದೆ.

ಅವಳು ಸಿಟ್ಟು ಮಾಡಲಿಲ್ಲ. "ಅವ್ರಿಗೆ ಮೂವತ್ಮೂರು ವರ್ಸ ಅಲ್ವಾ?" ಎಂದು ಕೇಳಿದಳು, ಅಷ್ಟೆ. ಕೇಳಿ, ಕಾಲು ತೊಳೆಯಲು ಹಿತ್ತಿಲಿಗೆ ಹೋದಳು.

ತಿಮ್ಮಯ್ಯನವರು ಊಟ ಮಾಡಿಕೊಂಡು ಹೋಗಿ ಎಂದು ಬಲವಂತ ಮಾಡಿದರು. ನಾನು ಚೀಟಿಗಳ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೆ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸು ಕಾಯುತ್ತ ಕೂತಿದ್ದಾಗ ಫೋನು ಬಂತು. ಯತೀಶ. ಅಕ್ಕನಿಗೆ ಕೊಟ್ಟ ಮಾತು ನೆನಪಾಗಿ ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದೆ.

"ಮಾವ, ಚೀಟಿ ತೋರ್ಸುದ್ರಾ?"

"ತೋರ್ಸಿದೆ ಕಣ್ಲಾ."

"ನಾನ್ ಏಳಿದ್ದು ಗಾಡಿ ಇಸ್ಯ ಅಂತ ಗೊತ್ತಾಯ್ತಾ ಅವ್ರಿಗೆ?"

"ಗೊತ್ತಾಯ್ತು."

"ಮತ್ತೆ? ಏನಂದ್ರು?"

"ಬ್ಯಾಡ ಅಂದ್ರು."

ಆ ಕಡೆ ನಾಲೆಯ ನೀರಿನ ಸದ್ದು ಕೇಳುತ್ತಿತ್ತು, ಗದ್ದೆಯಲ್ಲಿದ್ದ ಅಂತ ಕಾಣುತ್ತದೆ. "ಯಾಕಂತೆ ಮಾವ?" ಎಂದು ಕೇಳಿದ, ಸಣ್ಣ ದನಿಯಲ್ಲಿ.

ನಮ್ಮಲ್ಲಿ ಹುಡುಗರು ಏನು ಕೆಡಿಸಿಕೊಂಡರೂ ಹಿರಿಯರು ಹೇಳುವುದಕ್ಕೆ ಒಂದೇ ಮಾತು ಇದೆ, ನನ್ನ ಮಾತು ಕೇಳಲಿಲ್ಲ, ಅದಕ್ಕೇ ಹಿಂಗಾಯಿತು ಅಂತ. ನಾನೂ ಅದನ್ನು ಸಾವಿರ ಸಲ ಹೇಳಿದ್ದೇನೆ. ಅವತ್ತು ಆ ಮಾತು ಬಾಯಿಗೆ ಬಂದು ತಿರುಗಿಬಿತ್ತು.

"ನನ್ ಮಾತು ಕೇಳ್ಬುಟ್ಯಲ್ಲ ಮಗ, ಅದುಕ್ಕೆ" ಅಂದೆ.